ಧಾತುವೋ, ಸಂಯುಕ್ತವೋ, ಮಿಶ್ರಣವೋ? ಎರಡೇ ಪ್ರಶ್ನೆಯಲ್ಲಿ ಪತ್ತೆ ಮಾಡಿ

ಉಪ್ಪು ಸಂಯುಕ್ತ, ಗಾಳಿ ಮಿಶ್ರಣ, ತಾಮ್ರ ಧಾತು. ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ನಿಜ. ಆದರೆ ಪಟ್ಟಿಯಲ್ಲಿ ಇಲ್ಲದ ವಸ್ತುವೊಂದನ್ನು ಮುಂದಿಟ್ಟು ಕೇಳಿದರೆ ತಡವರಿಸುತ್ತೇವೆ. ವಿನೆಗರ್ ಯಾವುದು? ಸ್ಟೀಲ್ ಲೋಟ? ಹಾಲು? ಇದಕ್ಕೆ ಪಟ್ಟಿ ಬೇಡ, ಎರಡು ಪ್ರಶ್ನೆ ಸಾಕು. ಆದರೆ ಅವನ್ನು ಸರಿಯಾದ ಕ್ರಮದಲ್ಲಿ ಕೇಳಬೇಕು.

ಹೆಚ್ಚಿನವರು ಎಡವುವುದು ಈ ಕ್ರಮದಲ್ಲೇ. ಇದರಲ್ಲಿ ಎಷ್ಟು ಧಾತು (ಇನ್ನೂ ಸರಳವಾಗಿ ಒಡೆಯಲಾಗದ ಮೂಲ ವಸ್ತು) ಇದೆ ಅಂತ ಮೊದಲೇ ಎಣಿಸಲು ಹೊರಡುತ್ತಾರೆ, ಒಂದಕ್ಕಿಂತ ಜಾಸ್ತಿ ಸಿಕ್ಕ ಕೂಡಲೇ ಸಂಯುಕ್ತ ಎಂದುಬಿಡುತ್ತಾರೆ. ಗಾಳಿಯಲ್ಲೂ ಒಂದಕ್ಕಿಂತ ಜಾಸ್ತಿ ಧಾತು ಇವೆ, ಹಿತ್ತಾಳೆಯಲ್ಲೂ ಇವೆ. ಎರಡೂ ಸಂಯುಕ್ತ ಅಲ್ಲ, ಯಾಕೆಂದರೆ ಅವುಗಳಲ್ಲಿ ಧಾತುಗಳು ಬರೀ ಕಲೆತಿವೆ. ಸಂಯುಕ್ತದಲ್ಲಿ ಅವು ರಾಸಾಯನಿಕವಾಗಿ ಸೇರಿ ಒಂದೇ ಹೊಸ ವಸ್ತುವಾಗಿರುತ್ತವೆ.

ಮೊದಲ ಪ್ರಶ್ನೆ: ಇದು ಒಂದೇ ವಸ್ತುವೋ, ಹಲವು ವಸ್ತು ಕಲೆತದ್ದೋ?

ಕಲೆತದ್ದಾದರೆ ಅದು ಮಿಶ್ರಣ. ಕೆಲಸ ಅಲ್ಲಿಗೇ ಮುಗಿಯಿತು, ಎರಡನೇ ಪ್ರಶ್ನೆ ಬೇಕಿಲ್ಲ. ಕಷ್ಟ ಇರುವುದು ಕಲೆತಿದೆ ಎಂದು ತಿಳಿಯುವುದರಲ್ಲಿ, ಯಾಕೆಂದರೆ ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಮಣ್ಣನ್ನು ನೋಡಿದರೆ ಮರಳು, ಕಸ, ಬೇರಿನ ಚೂರು ಎಲ್ಲ ಬೇರೆ ಬೇರೆ ಕಾಣುತ್ತವೆ. ಉಪ್ಪು ನೀರು ಹಾಗಲ್ಲ. ಎಷ್ಟು ಹೊತ್ತು ನೋಡಿದರೂ ಬರೀ ನೀರಿನ ಹಾಗೇ ಇರುತ್ತದೆ.

ಹಾಗಾಗಿ ಸುಲಭದ ದಾರಿಯಿಂದ ಶುರು ಮಾಡಿ. ಪೊಟ್ಟಣ ಇದ್ದರೆ ತಿರುಗಿಸಿ ಓದಿ. ಒಳಗೆ ಏನೇನಿದೆ ಅಂತ ಎರಡು ಮೂರು ಹೆಸರು ಬರೆದಿದ್ದರೆ ಅದು ಮಿಶ್ರಣ. ಅಡುಗೆ ಸೋಡಾದ ಪೊಟ್ಟಣದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಎಂಬ ಒಂದೇ ಹೆಸರು ಇರುತ್ತದೆ. ಬೇಕಿಂಗ್ ಪೌಡರ್ ಡಬ್ಬಿಯಲ್ಲಿ ಅದೇ ಸೋಡಾದ ಜೊತೆಗೆ ಒಂದು ಆಮ್ಲೀಯ ಲವಣ, ಪಿಷ್ಟ ಎಲ್ಲ ಇರುತ್ತವೆ. ಎರಡೂ ಬಿಳಿ ಪುಡಿಯೇ. ಆದರೆ ಮೊದಲನೆಯದು ಸಂಯುಕ್ತ, ಎರಡನೆಯದು ಮಿಶ್ರಣ.

ಪೊಟ್ಟಣ ಇಲ್ಲದಿದ್ದರೆ ಬೇರ್ಪಡಿಸಿ ನೋಡಬೇಕು. ಸೋಸುವುದು, ಒಣಗಿಸುವುದು, ಆಯಸ್ಕಾಂತ ಹಿಡಿಯುವುದು, ಇಂಥ ಸಾದಾ ಕೆಲಸದಿಂದಲೇ ಒಂದು ವಸ್ತು ಎರಡಾಗಿ ಬಿಡಿಸಿಕೊಂಡರೆ ಅದು ಮಿಶ್ರಣ. ಗಾಜಿನ ಚೂರಿನ ಮೇಲೆ ನಲ್ಲಿ ನೀರಿನ ಒಂದು ಹನಿ ಬಿಟ್ಟು ಒಣಗಲು ಬಿಡಿ. ಬಿಳಿಯ ಮಸುಕು ಉಂಗುರವೊಂದು ಉಳಿಯುತ್ತದೆ. ನೀರಿನಲ್ಲಿ ಕರಗಿದ್ದ ಲವಣಗಳು ಅವು. ಬಟ್ಟಿ ಇಳಿಸಿದ ನೀರಿನ ಹನಿ ಹೀಗೆ ಗುರುತು ಬಿಡುವುದಿಲ್ಲ. ಅಂದರೆ ನೀರು ಸಂಯುಕ್ತ ಎಂಬ ಮಾತು ಶುದ್ಧ ನೀರಿಗೆ ಮಾತ್ರ ಸರಿ. ನಲ್ಲಿಯಿಂದ ಬರುವುದು ಮಿಶ್ರಣವೇ.

ಇನ್ನೊಂದು ಪ್ರಯೋಗವನ್ನು ಮಕ್ಕಳ ಜೊತೆ ಖಂಡಿತ ಮಾಡಿ ನೋಡಿ. ನೀರಿಗೆ ಅಳಿಸಿಹೋಗುವ ಕಪ್ಪು ಸ್ಕೆಚ್ ಪೆನ್ ತೆಗೆದುಕೊಳ್ಳಿ. ಪರ್ಮನೆಂಟ್ ಮಾರ್ಕರ್ ಆಗುವುದಿಲ್ಲ. ಫಿಲ್ಟರ್ ಪೇಪರನ್ನೋ ದಪ್ಪ ಟಿಶ್ಯೂ ಪೇಪರನ್ನೋ ಉದ್ದಕ್ಕೆ ಕತ್ತರಿಸಿ, ಕೆಳಗಿನ ಅಂಚಿನಿಂದ ಎರಡು ಬೆರಳಿನಷ್ಟು ಮೇಲೆ ಒಂದು ಗಟ್ಟಿ ಚುಕ್ಕೆ ಇಡಿ. ಅಂಚು ಮಾತ್ರ ನೀರಿಗೆ ತಾಗುವಂತೆ ಲೋಟದೊಳಗೆ ಇಳಿಬಿಡಿ. ಚುಕ್ಕೆ ಮುಳುಗಬಾರದು, ಮುಳುಗಿದರೆ ಬಣ್ಣವೆಲ್ಲ ಲೋಟಕ್ಕೇ ಇಳಿಯುತ್ತದೆ. ನೀರು ಕಾಗದದಲ್ಲಿ ನಿಧಾನವಾಗಿ ಮೇಲೇರುತ್ತದೆ, ಚುಕ್ಕೆಯನ್ನು ತಲುಪುತ್ತದೆ, ಕಪ್ಪು ಬಣ್ಣ ಮೇಲಕ್ಕೆ ಎಳೆದುಕೊಂಡು ಹೋಗುತ್ತಾ ಬಿಡಿಸಿಕೊಳ್ಳಲು ಶುರುವಾಗುತ್ತದೆ. ಹೆಚ್ಚಿನ ಪೆನ್ನುಗಳಲ್ಲಿ ನೀಲಿ, ಗುಲಾಬಿ, ಹಳದಿ ಹೀಗೆ ಪಟ್ಟಿಗಳು ಕಾಣುತ್ತವೆ. ಯಾವ ಪಟ್ಟಿ ಮೇಲೆ, ಯಾವುದು ಕೆಳಗೆ ಎನ್ನುವುದು ಪೆನ್ನಿಂದ ಪೆನ್ನಿಗೆ ಬದಲಾಗುತ್ತದೆ. ಒಂದೇ ಬಣ್ಣ ಅಂದುಕೊಂಡಿದ್ದ ಕಪ್ಪು ಹಲವು ಬಣ್ಣಗಳ ಮಿಶ್ರಣ ಎಂದು ಕಣ್ಣೆದುರೇ ಸಾಬೀತಾಗುತ್ತದೆ. ಒಂದೊಂದು ಬಣ್ಣ ಕಾಗದಕ್ಕೆ ಅಂಟಿಕೊಳ್ಳುವ ಬಗೆ, ನೀರಿನಲ್ಲಿ ಕರಗುವ ಬಗೆ ಬೇರೆ ಬೇರೆ. ಅದಕ್ಕೇ ಅವು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ.

ಬೇರ್ಪಡಿಸಲು ಆಗದಿದ್ದರೆ ಪ್ರಮಾಣದ ಬಗ್ಗೆ ಯೋಚಿಸಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿದರೂ ಸಕ್ಕರೆ ನೀರೇ, ನಾಲ್ಕು ಹಾಕಿದರೂ ಸಕ್ಕರೆ ನೀರೇ. ಹಿತ್ತಾಳೆಯಲ್ಲಿ ಸತು ಸ್ವಲ್ಪ ಜಾಸ್ತಿ ಇದ್ದರೂ, ಕಮ್ಮಿ ಇದ್ದರೂ ಅದನ್ನು ಹಿತ್ತಾಳೆ ಅಂತಲೇ ಕರೆಯುತ್ತೇವೆ. ಹೀಗೆ ಪ್ರಮಾಣ ಹಿಗ್ಗಿ ಕುಗ್ಗಲು ಜಾಗ ಇದ್ದರೆ ಅದು ಮಿಶ್ರಣ. ಸಂಯುಕ್ತದಲ್ಲಿ ಆ ಸಡಿಲ ಇಲ್ಲ. ನೀರು ಎಲ್ಲಿಂದಲೇ ಬಂದಿರಲಿ, ತೂಕದಲ್ಲಿ 1 ಪಾಲು ಜಲಜನಕಕ್ಕೆ 8 ಪಾಲು ಆಮ್ಲಜನಕ. ಅದೇ ಎರಡು ಧಾತುಗಳು 1ಕ್ಕೆ 16ರಂತೆ ಸೇರಿದರೆ ಸಿಗುವುದು ದಪ್ಪ ನೀರಲ್ಲ, ಬೇರೆಯೇ ವಸ್ತು. ಕೂದಲಿನ ಬಣ್ಣ ತೆಗೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಅದು. ಫ್ರಾನ್ಸಿನ ರಸಾಯನ ವಿಜ್ಞಾನಿ ಜೋಸೆಫ್ ಪ್ರೂಸ್ಟ್ 18ನೇ ಶತಮಾನದ ಕೊನೆಯಲ್ಲಿ ತಾಮ್ರದ ಕಾರ್ಬೊನೇಟನ್ನು ಇಟ್ಟುಕೊಂಡು ಇದನ್ನೇ ತೋರಿಸಿದ. ನೆಲದಲ್ಲಿ ಸಿಕ್ಕಿದ್ದೂ ಪ್ರಯೋಗಾಲಯದಲ್ಲಿ ಮಾಡಿದ್ದೂ ಅಳತೆಯಲ್ಲಿ ಒಂದೇ ಇದ್ದವು.

ಎರಡನೇ ಪ್ರಶ್ನೆ: ಒಂದೇ ವಸ್ತುವಾದರೆ, ಅದನ್ನು ಇನ್ನೂ ಸರಳ ವಸ್ತುಗಳಾಗಿ ಒಡೆಯಬಹುದೇ?

ಒಡೆಯಬಹುದಾದರೆ ಸಂಯುಕ್ತ, ಆಗದಿದ್ದರೆ ಧಾತು. ಇದಕ್ಕೆ ಇವತ್ತು ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಗೊತ್ತಿರುವ ಧಾತುಗಳನ್ನೆಲ್ಲ ಜೋಡಿಸಿಟ್ಟ ಆವರ್ತ ಕೋಷ್ಟಕ ಗೋಡೆಯಲ್ಲೇ ಇದೆ. ಅದರಲ್ಲಿ 118 ಧಾತುಗಳಿವೆ. ನಿಮ್ಮ ವಸ್ತುವಿನ ಹೆಸರು ಅಲ್ಲಿದ್ದರೆ ಧಾತು, ಇಲ್ಲದಿದ್ದರೆ ಸಂಯುಕ್ತ. ವಿದ್ಯುತ್ ತಂತಿಯ ತಾಮ್ರ, ಹಳೆಯ ಥರ್ಮಾಮೀಟರಿನ ಪಾದರಸ, ಬಲೂನಿನ ಹೀಲಿಯಂ, ಇವೆಲ್ಲ ಅಲ್ಲಿ ಸಿಗುತ್ತವೆ. ಸಕ್ಕರೆ ಸಿಗುವುದಿಲ್ಲ. ಸಕ್ಕರೆಯನ್ನು ಚಮಚದಲ್ಲಿ ಬಿಸಿ ಮಾಡುತ್ತಾ ಹೋದರೆ ಕಂದಾಗಿ, ಹೊಗೆಯಾಡಿ, ಕೊನೆಗೆ ಕಪ್ಪು ಇದ್ದಿಲು ಉಳಿಯುತ್ತದಲ್ವಾ? ಆ ಇಂಗಾಲ ಸಕ್ಕರೆಯ ಅಣುವಿನೊಳಗೇ ಇತ್ತು.

ಆದರೆ ಕೋಷ್ಟಕ ತಯಾರಾಗಿ ಕೈಗೆ ಬಂದದ್ದಲ್ಲ. 1789ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವೋಸಿಯೆ ಪ್ರಕಟಿಸಿದ ಧಾತುಗಳ ಪಟ್ಟಿಯಲ್ಲಿ 33 ಹೆಸರುಗಳಿದ್ದವು, ಅವುಗಳಲ್ಲಿ ಬೆಳಕು, ಶಾಖ, ಸುಣ್ಣ ಕೂಡ ಸೇರಿದ್ದವು. ಸುಣ್ಣವನ್ನು ಒಡೆಯುವ ದಾರಿ ಆಗ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಪಟ್ಟಿಗೆ ಸೇರಿತು. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಅದರಿಂದ ಕ್ಯಾಲ್ಸಿಯಂ ಹೊರತೆಗೆದ. ಹೆಸರು ನೋಡಿ ಉತ್ತರ ಹೇಳುವಾಗ ಅದರ ಹಿಂದೆ ಇಷ್ಟು ಜನರ ಕೆಲಸ ಇದೆ ಎನ್ನುವುದು ಮಕ್ಕಳಿಗೂ ಗೊತ್ತಾಗಬೇಕು.

ಇಲ್ಲೊಂದು ಗೊಂದಲ ಪದೇ ಪದೇ ಬರುತ್ತದೆ. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು, ಓಜೋನಿನಲ್ಲಿ ಮೂರು. ಹಾಗಾದರೆ ಇವು ಸಂಯುಕ್ತವೇ? ಅಲ್ಲ. ಎಲ್ಲ ಪರಮಾಣುಗಳೂ ಒಂದೇ ಧಾತುವಿನವು, ಆದ್ದರಿಂದ ಎರಡೂ ಧಾತುವೇ. ವಜ್ರ, ಗ್ರಾಫೈಟ್ ಕೂಡ ಹಾಗೇ, ಎರಡೂ ಬರೀ ಇಂಗಾಲ. ಓಜೋನ್, ವಜ್ರ, ಗ್ರಾಫೈಟ್ ಎಂಬ ಹೆಸರುಗಳು ಕೋಷ್ಟಕದಲ್ಲಿ ಸಿಗುವುದಿಲ್ಲ, ಇಂಥ ಕಡೆ ಅವು ಯಾವ ಧಾತುವಿನ ರೂಪ ಎಂದು ನೋಡಬೇಕು.

ಸೇರುವುದಕ್ಕೂ ಕಲೆಯುವುದಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ಇಳಿಯಬೇಕಾದರೆ ಶಾಲೆಯ ಪ್ರಯೋಗಾಲಯದಲ್ಲಿ, ಮೇಷ್ಟ್ರು ಜೊತೆಗಿದ್ದಾಗ, ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗ ನೋಡಬೇಕು. 7 ಗ್ರಾಂ ಕಬ್ಬಿಣ, 4 ಗ್ರಾಂ ಗಂಧಕ ಬೆರೆಸಿ ಆಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ, ಹಳದಿ ಪುಡಿ ಅಲ್ಲೇ ಉಳಿಯುತ್ತದೆ. ಅದೇ ಪುಡಿಯನ್ನು ಕಾಯಿಸಿದರೆ ಕೆಂಪಗೆ ಹೊಳೆದು, ಆರಿದ ಮೇಲೆ ಕಪ್ಪು ಗಟ್ಟಿಯಾಗುತ್ತದೆ. ಪೂರ್ತಿ ಸೇರಿಕೊಂಡಿದ್ದರೆ ಈಗ ಆಯಸ್ಕಾಂತಕ್ಕೆ ಕಬ್ಬಿಣ ಬಿಡಿಯಾಗಿ ಸಿಗುವುದಿಲ್ಲ. ಕಬ್ಬಿಣದ ಗುಣವೂ ಹೋಯಿತು, ಗಂಧಕದ ಗುಣವೂ ಹೋಯಿತು. ಉಪ್ಪಿನ ಕಥೆಯೂ ಇದೇ. ನೀರಿಗೆ ಬಿದ್ದರೆ ಸಿಡಿಯುವ ಸೋಡಿಯಂ, ವಿಷ ಅನಿಲ ಕ್ಲೋರಿನ್, ಎರಡೂ ಸೇರಿ ನಾವು ದಿನವೂ ತಿನ್ನುವ ಉಪ್ಪು.

ಇನ್ನು ಕೆಲವು ತಂಟೆಯ ವಸ್ತುಗಳು. ಸ್ಟೀಲ್ ಲೋಟ ಮಿಶ್ರಣ: ಕಬ್ಬಿಣ, ಕ್ರೋಮಿಯಂ, ಸಾಮಾನ್ಯವಾಗಿ ನಿಕಲ್ ಕೂಡ. 24 ಕ್ಯಾರೆಟ್ ಚಿನ್ನವನ್ನು ಧಾತು ಎನ್ನಬಹುದು, 22 ಕ್ಯಾರೆಟ್ ಆಭರಣ ಮಿಶ್ರಲೋಹ, ಅಂದರೆ ಲೋಹಗಳ ಮಿಶ್ರಣ, ಅದರಲ್ಲಿ ಚಿನ್ನ ಸುಮಾರು 91.6 ಶೇಕಡಾ. ವಿನೆಗರ್ ಎಂದರೆ ನೀರಿನಲ್ಲಿ ಕರಗಿದ ಅಸಿಟಿಕ್ ಆಮ್ಲ, ಮಿಶ್ರಣ. ಹಾಲು ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳು ತೇಲುವುದು ಕಾಣುತ್ತದೆ, ಅದೂ ಮಿಶ್ರಣವೇ. ಗಾಳಿಯಲ್ಲಿ ಸುಮಾರು 78 ಶೇಕಡಾ ಸಾರಜನಕ, 21 ಶೇಕಡಾ ಆಮ್ಲಜನಕ, ಉಳಿದದ್ದರಲ್ಲಿ ಆರ್ಗಾನ್ ಜಾಸ್ತಿ. ಗಾಳಿಯನ್ನು ತಂಪು ಮಾಡಿ ದ್ರವವಾಗಿಸಿದರೆ ಸಾರಜನಕ ಮೈನಸ್ 196 ಡಿಗ್ರಿಯಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ ಕುದಿಯುವುದರಿಂದ ಎರಡನ್ನೂ ಬೇರೆ ಮಾಡಬಹುದು. ಸಿಲಿಂಡರಿನಲ್ಲಿ ಬರುವ ಆಮ್ಲಜನಕವನ್ನು ತಯಾರಿಸುವ ಒಂದು ಮುಖ್ಯ ದಾರಿ ಇದು.

ಪುಸ್ತಕದ ಉಪ್ಪು ಸಂಯುಕ್ತ ಸರಿ, ಅಯೋಡಿನ್ ಬೆರೆಸಿದ ಪೊಟ್ಟಣದ ಉಪ್ಪು? ಕಟ್ಟುನಿಟ್ಟಾಗಿ ನೋಡಿದರೆ ಮಿಶ್ರಣ. ಪರೀಕ್ಷೆಯಲ್ಲಿ ಉಪ್ಪು ಎಂದು ಕೇಳಿದರೆ ಸೋಡಿಯಂ ಕ್ಲೋರೈಡ್ ಅಂತಲೇ ತಿಳಿದು ಸಂಯುಕ್ತ ಎಂದು ಬರೆಯಿರಿ. ಪೊಟ್ಟಣದ ಉಪ್ಪು ಎಂದು ಬಿಡಿಸಿ ಕೇಳಿದ್ದರೆ ಮಿಶ್ರಣ ಎಂದು ಬರೆದು ಕಾರಣವನ್ನೂ ಒಂದು ಸಾಲಿನಲ್ಲಿ ಕೊಡಿ. ಹಾಗೇ ಪೆನ್ಸಿಲ್ ಧಾತುವೋ ಅಲ್ಲವೋ ಎಂದು ಸುಮ್ನೆ ವಾದ ಮಾಡಬೇಡಿ. ಪೆನ್ಸಿಲ್ ಒಂದು ವಸ್ತುವಲ್ಲ, ಮರ, ಬಣ್ಣ, ಒಳಗಿನ ಕಡ್ಡಿ ಸೇರಿ ಆದದ್ದು, ಭಾಗ ಭಾಗವಾಗಿ ತೆಗೆದುಕೊಂಡು ನೋಡಬೇಕು. ಆ ಕಡ್ಡಿಯೂ ಬರೀ ಇಂಗಾಲ ಅಲ್ಲ, ಗ್ರಾಫೈಟ್ ಜೊತೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು. ಮಣ್ಣು ಜಾಸ್ತಿಯಾದಷ್ಟೂ ಗೆರೆ ತೆಳು, ಕಮ್ಮಿಯಾದಷ್ಟೂ ಗೆರೆ ದಟ್ಟ. ಪೆನ್ಸಿಲ್ ಮೇಲಿನ ಎಚ್, ಬಿ ಅಕ್ಷರಗಳು ಈ ಪ್ರಮಾಣವನ್ನೇ ಹೇಳುತ್ತವೆ.