ಷರಾ ಕಾಲಮ್ಮಿನಲ್ಲಿ ಸಿಕ್ಕವರು

ಎರಡು ಗೋಣಿಚೀಲ, ಅದರೊಳಗೆ ಹನ್ನೊಂದು ರಿಜಿಸ್ಟರು. ನಮ್ಮೂರಿನ ಹಳೇ ಲೈಬ್ರರಿಯ ದಾಖಲೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಇಷ್ಟೇ. ಮಿಕ್ಕಿದ್ದು ಆಗಲೇ ರದ್ದಿಯವನ ತಕ್ಕಡಿ ಹತ್ತಿ ಆಗಿತ್ತು. ಹಳೇ ಕಟ್ಟಡ ಖಾಲಿ ಮಾಡುವಾಗ ಯಾರಿಗೂ ಅದು ಬೇಕಾಗಿರಲಿಲ್ಲ. ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಮನೆಗೆ ತಂದೆ. ನನ್ನ ಹೆಂಡತಿ ಚೀಲ ನೋಡಿ, “ಇದು ಒಳಗೆ ಬರೋದು ಬೇಡ, ಗೆದ್ದಲು ಇರತ್ತೆ” ಅಂದಳು. ಇತ್ತು ಕೂಡ.

ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಹಾಗಾಗಿ ರಿಜಿಸ್ಟರು ಹೊಸದಲ್ಲ. ಆದರೆ 1950ರ ದಶಕದ ಒಂದು ಸಣ್ಣ ಪಟ್ಟಣದ ವಾಚನಾಲಯದ ಕಥೆ ಬರೆಯುವುದು ಬೇರೆಯೇ ಕೆಲಸ. ಅದನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನು ಇಲ್ಲಿ ಹೇಳುತ್ತೇನೆ. ಊರಿನ ಹೆಸರು ಬರೆಯುತ್ತಿಲ್ಲ. ಹಳೇ ಮೈಸೂರು ಸೀಮೆಯ ಒಂದು ಊರು ಅಂದುಕೊಳ್ಳಿ. ಯಾರು ಯಾವ ಪುಸ್ತಕ ಓದಿದರು ಅನ್ನೋದು ಅವರವರ ಸ್ವಂತ ವಿಷಯ. ಊರು ಹೇಳಿಬಿಟ್ಟರೆ ಸದಸ್ಯರ ನಂಬರು ನೋಡಿಯೇ ಮನೆ ಗುರುತಿಸುವವರು ಇನ್ನೂ ಇದ್ದಾರೆ.

ಮೊದಲ ದಿನವೇ ತಪ್ಪು ಮಾಡಿದೆ. ಧೂಳು ಜಾಸ್ತಿ ಇತ್ತು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದು ಪುಟದ ಅರ್ಧ ನಂಬರು ನೀಲಿ ನೀರಾಗಿ ಹರಿದುಹೋಯಿತು. ಆಮೇಲೆ ಬುದ್ಧಿ ಬಂತು. ಪೇಂಟ್ ಮಾಡುವ ಮೆತ್ತನೆಯ ಬ್ರಷ್ ತಂದು ಒಂದೊಂದೇ ಹಾಳೆ ಗುಡಿಸಿದೆ. ಬಿಸಿಲಿಗೆ ಹಾಕಲಿಲ್ಲ, ನೆರಳಲ್ಲಿ ಗಾಳಿಗೆ ಬಿಚ್ಚಿಟ್ಟೆ. ಬಿಸಿಲಿಗೆ ಹಳೇ ಕಾಗದ ಹಪ್ಪಳದ ಹಾಗೆ ಆಗುತ್ತದೆ. ಫೋಟೊ ತೆಗೆದಿದ್ದು ಮೊಬೈಲಿನಲ್ಲೇ. ಕಿಟಕಿ ಪಕ್ಕ ಮೇಜು, ಮೇಲೆ ಎರಡು ದಪ್ಪ ಪುಸ್ತಕದ ನಡುವೆ ಒಂದು ಗಾಜಿನ ಹಲಗೆ, ಅದರ ಮೇಲೆ ಫೋನು. ಫ್ಲ್ಯಾಷ್ ಇಲ್ಲ. ದಿನಕ್ಕೆ ನಲವತ್ತು ಪುಟ. ಅದಕ್ಕಿಂತ ಜಾಸ್ತಿ ಮಾಡಿದರೆ ನನ್ನ ಸೊಂಟ ಮಾತಾಡುತ್ತಿತ್ತು.

ದೊಡ್ಡ ತಲೆನೋವು ತಾರೀಖು. ಅನೇಕ ಹಾಳೆಗಳ ಮೇಲ್ತುದಿಯನ್ನು ಹುಳ ತಿಂದಿತ್ತು. ಇಸವಿ ಇರುವುದು ಅಲ್ಲೇ. ಇಲ್ಲಿ ನನ್ನನ್ನು ಕಾಪಾಡಿದ್ದು ಆಣೆ ಲೆಕ್ಕ. 1957ರ ಏಪ್ರಿಲ್ 1ರಿಂದ ದೇಶದಲ್ಲಿ ದಶಮಾಂಶ ನಾಣ್ಯ ಬಂತು. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಪುಸ್ತಕದ ಬೆಲೆ ‘1-8-0’ ಅಂತ ಇದ್ದರೆ ಅದು ಒಂದೂವರೆ ರೂಪಾಯಿ, 1957ಕ್ಕೆ ಹಿಂದಿನದು. ‘1.50’ ಅಂತ ಇದ್ದರೆ ಆಮೇಲಿನದು. ತಡವಾಗಿ ತಂದವರಿಗೆ ದಿನಕ್ಕೆ ಅರ್ಧಾಣೆ ಫೈನ್ ಇತ್ತು, ಅದು ಒಂದು ಹಾಳೆಯಿಂದ ಥಟ್ಟನೆ ‘3 ನ.ಪೈ.’ ಆಗಿಬಿಡುತ್ತದೆ. ನ.ಪೈ. ಅಂದರೆ ನಯಾ ಪೈಸೆ, ರೂಪಾಯಿಗೆ ನೂರು. ಒಂದು ರಿಜಿಸ್ಟರಿನ ರಟ್ಟಿನ ಒಳಗೆ ಲೈಬ್ರರಿ ಮೇಷ್ಟ್ರು ಪೆನ್ಸಿಲಿನಲ್ಲಿ ಒಂದು ಕೋಷ್ಟಕ ಬರೆದುಕೊಂಡಿದ್ದರು: 1 ಆಣೆ 6, 2 ಆಣೆ 12, 3 ಆಣೆ 19, 4 ಆಣೆ 25. ಮೂರಕ್ಕೆ 19 ಅನ್ನುವ ಕಡೆ ಎರಡು ಸಲ ತಿದ್ದಿದ್ದಾರೆ. ಅವರಿಗೂ ನಂಬಿಕೆ ಬಂದಿರಲಿಕ್ಕಿಲ್ಲ. ಮೂರು ಆರು ಕೂಡಿದರೆ ಹದಿನೆಂಟು ತಾನೇ? ಆದರೆ ಆಣೆಗೆ ಸರಿಯಾಗಿ ಆರೂಕಾಲು ಪೈಸೆ, ಮೂರಕ್ಕೆ ಹತ್ತೊಂಬತ್ತರ ಹತ್ತಿರವೇ ಬರುತ್ತದೆ.

ಲೈಬ್ರರಿ ಮೇಷ್ಟ್ರು ಅಂತಲೇ ಊರವರು ಅವರನ್ನು ಕರೆಯುತ್ತಿದ್ದಿದ್ದು. ಪುರಸಭೆಯ ಸಂಬಳ, ಸ್ಟೀಲ್ ನಿಬ್ಬಿನ ಅಕ್ಷರ. ಎಲ್ಲ ಕಾಲಂ ತುಂಬಿ, ಕೊನೆಯ ‘ಷರಾ’ದಲ್ಲಿ, ಅಂದರೆ ಟಿಪ್ಪಣಿ ಕಾಲಮ್ಮಿನಲ್ಲಿ, ಏನಾದರೂ ಗೀಚದೆ ಬಿಡುತ್ತಿರಲಿಲ್ಲ. “ಮಳೆಯಲ್ಲಿ ನೆನೆದಿದೆ.” “17ನೇ ಪುಟ ಇಲ್ಲ, ಮೊದಲೇ ಇರಲಿಲ್ಲ.” “ಮದುವೆಗೆ ಹೋಗಿದ್ದರು, ಫೈನ್ ಬಿಟ್ಟಿದೆ.” ಮೊದಲ ಒಂದು ತಿಂಗಳು ನಾನು ಷರಾ ಕಡೆ ಸರಿಯಾಗಿ ನೋಡಲೇ ಇಲ್ಲ. ಪುಸ್ತಕ ಎಷ್ಟು, ಸದಸ್ಯರು ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಜೊತೆಗೇ ಹಿರಿಯರನ್ನು ಮಾತಾಡಿಸೋಕೆ ಶುರು ಮಾಡಿದೆ. ಅದೂ ಮೊದಮೊದಲು ಕೆಟ್ಟಿತು. ರೆಕಾರ್ಡರ್ ಮುಂದಿಟ್ಟು, “ಆಗಿನ ಲೈಬ್ರರಿ ಹೇಗಿತ್ತು ಹೇಳಿ ಸಾರ್” ಅಂದರೆ ಎಲ್ಲರದೂ ಒಂದೇ ಉತ್ತರ: “ಆಗಿನ ಕಾಲವೇ ಬೇರೆ ಬಿಡಿ.” ಐದು ಮನೆ ಸುತ್ತಿದ ಮೇಲೆ ಪ್ರಶ್ನೆ ಬದಲಾಯಿಸಿದೆ. “ಚಪ್ಪಲಿ ಎಲ್ಲಿ ಬಿಡ್ತಿದ್ರಿ?” ಅಂತ ಕೇಳಿದೆ. ಅಷ್ಟೇ, ಬಾಗಿಲು ತೆಗೆದ ಹಾಗಾಯಿತು. ಜಗಲಿ ಮೇಲೆ ಎಡಗಡೆ ಬಿಡಬೇಕು, ಬಲಗಡೆ ಸೈಕಲ್ಲು. ಒಳಗೆ ಇಳಿಜಾರು ಸ್ಟ್ಯಾಂಡು, ಅದಕ್ಕೆ ಪೇಪರು. ಬೆಂಗಳೂರಿನ ಪೇಪರು ಬಸ್ಸಿನಲ್ಲಿ ಬರುವಷ್ಟರಲ್ಲಿ ಮಧ್ಯಾಹ್ನ. ‘ಪ್ರಜಾವಾಣಿ’ ಶುರುವಾಗಿದ್ದು 1948ರಲ್ಲಿ, ಆಗಿನ್ನೂ ಅದು ಹೊಸ ಪೇಪರು. ಹಾಳೆ ಬಿಡಿಸಿ ನಾಲ್ಕು ಜನ ನಾಲ್ಕು ಹಾಳೆ ಹಿಡಿಯುತ್ತಿದ್ದರು. ಮಕ್ಕಳ ಕಣ್ಣು ‘ಚಂದಮಾಮ’ದ ಮೇಲೆ. ಅದಕ್ಕೆ ಮಾತ್ರ ಸರತಿ, ಒಬ್ಬರಿಗೆ ಹದಿನೈದು ನಿಮಿಷ, ಗೋಡೆ ಗಡಿಯಾರ ನೋಡಿ ಮೇಷ್ಟ್ರು ಕೆಮ್ಮುತ್ತಿದ್ದರು.

ಪಕ್ಕದ ಪಾರ್ಕಿನಲ್ಲಿ ಪುರಸಭೆಯ ರೇಡಿಯೋ. ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರು, ಸಂಜೆ ವಾರ್ತೆ ಹೊತ್ತಿಗೆ ವಾಚನಾಲಯ ಖಾಲಿ. ಈ ರೇಡಿಯೋ ವಿಷಯದಲ್ಲಿ ನನಗೊಂದು ಪಾಠವಾಯಿತು. ಒಬ್ಬ ಹಿರಿಯರು, 1948ರ ಜನವರಿ 30ರ ಸಂಜೆ ಗಾಂಧೀಜಿ ಹೋದ ಸುದ್ದಿಯನ್ನು ಅದೇ ಪಾರ್ಕಿನಲ್ಲಿ, ಅದೇ ರೇಡಿಯೋದಲ್ಲಿ ಕೇಳಿದ್ದಾಗಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಆದರೆ ಗೋಣಿಚೀಲದಲ್ಲೇ ಇದ್ದ ಒಂದು ಓಚರಿನ ಪ್ರಕಾರ ಪಾರ್ಕಿಗೆ ರೇಡಿಯೋ ಬಂದಿದ್ದು 1951ರಲ್ಲಿ. ಅವರಿಗೆ ಓಚರು ತೋರಿಸಲೇ? ಎರಡು ದಿನ ಯೋಚಿಸಿದೆ. ತೋರಿಸಲಿಲ್ಲ. ಸುದ್ದಿ ಕೇಳಿದ್ದಂತೂ ನಿಜ, ಬೇರೆ ಎಲ್ಲೋ ಕೇಳಿರಬೇಕು. ಆಮೇಲೆ ಊರಿನ ದೊಡ್ಡ ಸುದ್ದಿಗಳೆಲ್ಲ ಆ ಕಂಬದ ಕೆಳಗೇ ಬಂದು ಸೇರಿಕೊಂಡಿವೆ. ನನ್ನ ಬರಹದಲ್ಲಿ ಅವರ ಮಾತನ್ನೂ ಹಾಕಿದೆ, ಓಚರಿನ ಇಸವಿಯನ್ನೂ ಹಾಕಿದೆ.

ಈಗ ಷರಾಗೆ ಬರುತ್ತೇನೆ. ಮಾತಾಡಿಸಿದವರೆಲ್ಲ, ಗಂಡಸರು ಹೆಂಗಸರು ಇಬ್ಬರೂ, ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು: “ಹೆಂಗಸರು ಲೈಬ್ರರಿಗೆ ಬರ್ತಿರಲಿಲ್ಲ.” ಸದಸ್ಯರ ಪಟ್ಟಿ ನೋಡಿದರೂ ಹಾಗೇ. ಮೂರೋ ನಾಲ್ಕೋ ಹೆಸರು, ಅವರೂ ಟೀಚರುಗಳು. 1951ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಜನವೂ ಇರಲಿಲ್ಲ. ಸರಿ, ಇನ್ನೇನು ಅಂತ ಆ ಅಧ್ಯಾಯ ಬರೆದೂ ಆಗಿತ್ತು.

ಒಂದು ದಿನ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಸದಸ್ಯ ನಂಬರ್ 214. ಪ್ರೈಮರಿ ಸ್ಕೂಲ್ ಹುಡುಗ, ವಯಸ್ಸು 10 ಅಂತ ಸದಸ್ಯತ್ವದ ಪುಟದಲ್ಲಿದೆ. 1955ರಲ್ಲಿ ಈ ಹುಡುಗ ವಾರಕ್ಕೆ ಎರಡು ಪುಸ್ತಕ ತೆಗೆದುಕೊಂಡು ಹೋಗಿದ್ದಾನೆ. ಎಲ್ಲವೂ ಸಂಸಾರದ ಕಾದಂಬರಿ. ಹತ್ತು ವರ್ಷದ ಹುಡುಗ ಅತ್ತೆ–ಸೊಸೆ ಕಥೆ ಓದುತ್ತಾನಾ? ಷರಾ ನೋಡಿದೆ. ಸಣ್ಣ ಅಕ್ಷರದಲ್ಲಿ “ತಾಯಿಗೆ”. ಮುಂದಿನ ಸಲ “ತಾಯಿಗೆ”. ಆಮೇಲೆ ಬರೀ “ತಾ.” ಪುಟ ಹಿಂದೆ ತಿರುವಿದೆ. ಬೇರೆ ನಂಬರುಗಳ ಮುಂದೆ “ಅತ್ತಿಗೆಗೆ”, “ಮನೆಯವರಿಗೆ”, “ಅಜ್ಜಿ ಕೇಳಿದ್ದು”. ಪುಟಕ್ಕೆ ನಾಲ್ಕೈದು ಕಡೆ. ಅಷ್ಟು ದಿನ ನಾನು ಅದನ್ನು ಅಕ್ಷರ ಅಂತ ಅಲ್ಲ, ಕಲೆ ಅಂತ ನೋಡಿ ಬಿಟ್ಟಿದ್ದೆ. ಬರೆದ ಅಧ್ಯಾಯ ಹರಿದು ಹಾಕಿದೆ.

214ನೇ ನಂಬರಿನವರನ್ನು ಹುಡುಕಿದೆ. ಊರು ಬಿಟ್ಟು ಮಗಳ ಮನೆಯಲ್ಲಿದ್ದರು, ವಯಸ್ಸು 80ರ ಹತ್ತಿರ. ಪ್ರಶ್ನೆ ಕೇಳಲಿಲ್ಲ. ಆ ಪುಟದ ಪ್ರಿಂಟ್ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ತಮ್ಮದೇ ವಕ್ರ ಸಹಿ ನೋಡಿ ಮೊದಲು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

“ಅಮ್ಮ ಬಹಳ ಓದ್ತಿದ್ರಾ ಸಾರ್?” ಅಂದೆ.

“ಎಲ್ಲಿ ಓದ್ತಿದ್ರು? ಅವರಿಗೆ ಅಕ್ಷರ ಬರ್ತಿರಲಿಲ್ಲ. ನಾನು ಓದ್ತಿದ್ದೆ, ಅವರು ಕೇಳ್ತಿದ್ರು.”

ಹಿತ್ತಲಲ್ಲಿ, ಮಧ್ಯಾಹ್ನ, ಸ್ಕೂಲು ಬಿಟ್ಟ ದಿನ. ಅಮ್ಮ, ಪಕ್ಕದ ಮನೆಯ ಇಬ್ಬರು, ಒಬ್ಬ ವಿಧವೆ ಅತ್ತೆ. ಅವರೇಕಾಯಿ ಕಾಲದಲ್ಲಿ ಮೊರ ಮುಂದಿಟ್ಟುಕೊಂಡು ಕಾಳು ಸುಲಿಯುತ್ತಾ ಕೇಳುತ್ತಿದ್ದರಂತೆ. ಗಂಡ ಹೆಂಡತಿ ಇಬ್ಬರೇ ಇರುವ ಸನ್ನಿವೇಶ ಬಂದರೆ ಈ ಹುಡುಗನಿಗೆ ನಾಚಿಕೆ. ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತಿದ್ದ. “ಅತ್ತೆ ಕಣ್ಣು ಕಾಳಿನ ಮೇಲೇ ಇರ್ತಿತ್ತು. ಕಿವಿ ಮಾತ್ರ ಹಾಳೆ ಮೇಲೆ. ‘ದಪ್ಪ ಸದ್ದು ಬಂತಲ್ಲೋ, ಹಿಂದಕ್ಕೆ ಹೋಗು’ ಅಂತಿದ್ರು.” ಇದನ್ನು ಹೇಳುವಾಗ ಅವರು ಪ್ರಿಂಟ್ ಹಾಳೆಯನ್ನೇ ಮಗುಚಿ ತೋರಿಸಿದರು. ರೆಕಾರ್ಡಿಂಗಿನಲ್ಲಿ ಆ ಸದ್ದು ಇದೆ.

ಪುಸ್ತಕ ಆರಿಸುತ್ತಿದ್ದವರು ಯಾರು ಅಂತ ಕೇಳಿದೆ. ಲೈಬ್ರರಿ ಮೇಷ್ಟ್ರೇ ಅಂತೆ. “ಹಿಂದಿನದು ಅಮ್ಮಂಗೆ ಹಿಡಿಸಿತಾ?” ಅಂತ ಕೇಳಿ, ಹುಡುಗ ಹೇಳಿದ್ದನ್ನು ಕೇಳಿಸಿಕೊಂಡು ಬೀರುವಿನ ಕಡೆ ಹೋಗುತ್ತಿದ್ದರು. ಆಕೆಯನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಹುಡುಗ ಹೈಸ್ಕೂಲಿಗೆ ಹೋದ ಮೇಲೆ ತಂಗಿ ಓದೋಕೆ ಕೂತಳು. ಅವಳು ಏನೂ ಬಿಡುತ್ತಿರಲಿಲ್ಲವಂತೆ.

ಈ ಉತ್ಸಾಹದಲ್ಲಿ ನಾನು ಇನ್ನೊಂದು ತಪ್ಪು ಮಾಡುವವನಿದ್ದೆ. ಷರಾದಲ್ಲಿ ಇಡೀ ಊರು ಸಿಕ್ಕಿತು ಅಂದುಕೊಂಡಿದ್ದೆ. ಹಾಗೆ ಒಂದು ಕಡೆ ಮಾತಾಡಿದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ನಿವೃತ್ತ ನೌಕರರು ಆಮೇಲೆ ಬಂದು, “ನಮ್ಮಪ್ಪ ನಿಮ್ಮ ಯಾವ ಕಾಲಮ್ಮಲ್ಲೂ ಇಲ್ಲ ಸಾರ್” ಅಂದರು. ದಲಿತ ಕೇರಿಯವರು. ಅವರಪ್ಪ ಸಂಜೆ ಕೂಲಿ ಮುಗಿಸಿ ಬಂದು ಜಗಲಿಯ ಕೆಳಗೆ ನಿಲ್ಲುತ್ತಿದ್ದರಂತೆ. ಒಳಗೆ ಒಬ್ಬರು ಗಟ್ಟಿಯಾಗಿ ಪೇಪರು ಓದುತ್ತಿದ್ದರು, ಅದನ್ನು ಕೇಳುವುದಕ್ಕೆ. ಬರಬೇಡ ಅಂತ ಬೋರ್ಡೇನೂ ಇರಲಿಲ್ಲ. ಸಂವಿಧಾನ ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆಯೂ ಬಂದಿತ್ತು. ಆದರೂ ಮೂರು ಮೆಟ್ಟಿಲು ಹತ್ತುತ್ತಿರಲಿಲ್ಲ. ಇವರು ಹತ್ತಿದ್ದು 1959ರಲ್ಲಿ, ಹೈಸ್ಕೂಲ್ ಮೇಷ್ಟ್ರೊಬ್ಬರು ಐದು ರೂಪಾಯಿ ಡಿಪಾಸಿಟ್ ಕಟ್ಟಿದ ಮೇಲೆ. ಮನೆಗೆ ಹೋಗಿ ನೋಡಿದೆ. ಅವರ ಹೆಸರು ಇದೆ, ನಂಬರ್ 388. ಷರಾದಲ್ಲಿ ಲೈಬ್ರರಿ ಮೇಷ್ಟ್ರು ಡಿಪಾಸಿಟ್ ಯಾರು ಕೊಟ್ಟರು ಅಂತ ಬರೆದಿದ್ದಾರೆ. ಅಪ್ಪನ ಬಗ್ಗೆ ಒಂದಕ್ಷರ ಇಲ್ಲ. ಇರುವುದಾದರೂ ಹೇಗೆ? ಪೇಪರು ಕೇಳಿದವರಿಗೆ ನಂಬರು ಕೊಡುವ ಪದ್ಧತಿ ಯಾವ ಲೈಬ್ರರಿಯಲ್ಲೂ ಇಲ್ಲವಲ್ಲ.

ಅಲ್ಲಿಂದ ಮುಂದೆ ಎಲ್ಲರನ್ನೂ ಕೇಳುವ ಪ್ರಶ್ನೆಗೆ ಒಂದನ್ನು ಸೇರಿಸಿದೆ: “ಒಳಗೆ ಬರದೆ ಹೊರಗೆ ನಿಲ್ಲುತ್ತಿದ್ದವರು ಯಾರ್ಯಾರು?” ಕೆಲವರು ಮಾತು ಬದಲಾಯಿಸಿದರು. ಕೆಲವರು ನಿಧಾನವಾಗಿ ಹೆಸರು ಹೇಳಿದರು. ಜಟಕಾದವರು, ಬೀಡಿ ಕಟ್ಟುವವರು, ಪಾರ್ಕಿನ ಮಾಲಿ. ಒಬ್ಬರೇ ಒಬ್ಬರು, “ನಾನೇ ಒಬ್ಬರನ್ನ ಇಳಿಸಿದ್ದೆ” ಅಂದರು. ಆ ರೆಕಾರ್ಡಿಂಗನ್ನು ಅವರು ಇರುವವರೆಗೆ ಯಾರಿಗೂ ಕೇಳಿಸುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ.

ನಾನು ಬರೆಯುತ್ತಿದ್ದ ಈ ಕಥೆ 1968ನೇ ಇಸವಿಗೆ ಬಂದು ನಿಂತಿತು. ಕಾರಣ ವಿಚಿತ್ರ. 1965ರಲ್ಲಿ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಯಿತು. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಬಂತು, ಇಲಾಖೆ ಬಂತು. ಒಳ್ಳೇದೇ ಆಯಿತು, ಪುಸ್ತಕ ಜಾಸ್ತಿ ಆದವು. ಜೊತೆಗೆ ನಮ್ಮೂರಿಗೆ ಕಾರ್ಡು ಪದ್ಧತಿಯೂ ಬಂತು. ಪುಸ್ತಕಕ್ಕೊಂದು ಕಾರ್ಡು, ಓದುಗನಿಗೊಂದು ಪಾಕೀಟಿನ ಹಾಗಿರುವ ಟಿಕೆಟ್ಟು. ಪುಸ್ತಕ ಒಯ್ದರೆ ಅದರ ಕಾರ್ಡನ್ನು ಟಿಕೆಟ್ಟಿನೊಳಗೆ ಸಿಕ್ಕಿಸಿ ಲೈಬ್ರರಿಯಲ್ಲಿ ಇಡುತ್ತಾರೆ. ವಾಪಸ್ ತಂದರೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನಿಗೆ. ಕಾಲೇಜಿನಲ್ಲಿ ನಾನೂ ಇದನ್ನೇ ಮಾಡಿದ್ದು. ಬರೆಯುವ ಕೆಲಸವೇ ಇಲ್ಲ, ಸರತಿ ಬೇಗ ಸಾಗುತ್ತದೆ. ಆದರೆ ಯಾರು ಏನು ಓದಿದರು ಅನ್ನುವುದರ ಗುರುತು ಒಂದಿಷ್ಟೂ ಉಳಿಯುವುದಿಲ್ಲ. ಷರಾ ಬರೆಯೋಕೆ ಜಾಗವೂ ಇಲ್ಲ.

ಹಾಗಾಗಿ ಈಗ ಮನೆಮನೆ ಸುತ್ತಿ ಆ ಟಿಕೆಟ್ಟು ಕೇಳುತ್ತಿದ್ದೇನೆ. ನಾಲ್ಕು ಸಿಕ್ಕಿವೆ. ಟಿಕೆಟ್ಟು ಮನೆಯಲ್ಲಿದೆ ಅಂದರೆ ಅವರು ಪುಸ್ತಕ ವಾಪಸ್ ಕೊಟ್ಟ ಪ್ರಾಮಾಣಿಕರು, ಅಷ್ಟೇ ತಿಳಿಯೋದು. ಒಂದು ಮನೆಯಲ್ಲಿ ಮಾತ್ರ ಟಿಕೆಟ್ಟು ಇರಲಿಲ್ಲ, ಪುಸ್ತಕ ಇತ್ತು. ಕೊನೆಯ ಪುಟದಲ್ಲಿ ಮೊಹರು: 1969, ನವೆಂಬರ್. ಆ ಮನೆಯ ಅಜ್ಜಿ ಅದನ್ನು ಸೀರೆ ಪೆಟ್ಟಿಗೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಫೋಟೊ ತೆಗೆಯೋಕೆ ಬಿಟ್ಟರು, ಕೈಗೆ ಕೊಡಲಿಲ್ಲ.

“ನೀವು ಲೈಬ್ರರಿಯವರು ತಾನೇ?” ಅಂದರು. “ಆಮೇಲೆ ಫೈನ್ ಅಂತೀರ.”