ಮಾವನ ಅಂಗಡಿಯಲ್ಲಿ ಆರ್ಚ್ ಲಿನಕ್ಸ್ ಹಾಕಿ ಬೈಸಿಕೊಂಡಿದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಸೋದರಮಾವನ ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಎರಡು ಹಳೇ ಕಂಪ್ಯೂಟರ್, 4 ಜಿಬಿ ರ‍್ಯಾಮ್. ವಿಂಡೋಸ್ ತೆವಳುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸಿನ ಒಂದು ಬಗೆಯಾದ ಆರ್ಚ್ ಲಿನಕ್ಸ್ ಹಗುರವಾಗಿ ಓಡುತ್ತಿತ್ತಲ್ವಾ, 2022ರ ಕೊನೆಗೆ ಅದನ್ನೇ ಅಲ್ಲಿನ ಒಂದು ಕಂಪ್ಯೂಟರಿಗೂ ಹಾಕಿಬಿಟ್ಟೆ.

ಆರ್ಚ್‌ಗೆ ಆವೃತ್ತಿ ಅನ್ನೋದೇ ಇಲ್ಲ. ಹೊಸದು ತಯಾರಾದ ಹಾಗೆ ಬರುತ್ತಲೇ ಇರುತ್ತದೆ. ಆಗಾಗ ಪೂರ್ತಿ ಅಪ್‌ಡೇಟ್ ಮಾಡುವವನಿಗೆ ಚೆಂದ. ಅಂಗಡಿ ಹುಡುಗ ನಾಲ್ಕು ತಿಂಗಳು ಆ ಕಡೆ ತಲೆಯೇ ಹಾಕಲಿಲ್ಲ. ಹೊಸ ಪ್ರಿಂಟರ್ ಬಂದ ದಿನ ಡ್ರೈವರ್ ಹಾಕಲು ಹೋದರೆ ಫೈಲೇ ಸಿಗಲಿಲ್ಲ. ಯಾವ ಪ್ರೋಗ್ರಾಂ ಸರ್ವರಿನ ಯಾವ ಫೈಲಿನಲ್ಲಿದೆ ಅಂತ ಕಂಪ್ಯೂಟರಿನಲ್ಲಿದ್ದ ಪಟ್ಟಿ ಹಳೇದು, ಅದರಲ್ಲಿದ್ದ ಫೈಲ್ ಸರ್ವರಿನಿಂದ ಯಾವತ್ತೋ ಹೋಗಿತ್ತು. ನಾನು ಫೋನಿನಲ್ಲೇ ಪಟ್ಟಿ ಮಾತ್ರ ಹೊಸದು ಮಾಡಿಸಿ, ಡ್ರೈವರ್ ಒಂದನ್ನೇ ಹಾಕಿಸಿದೆ. ಆರ್ಚ್‌ನಲ್ಲಿ ಮಾಡಲೇಬಾರದ ಕೆಲಸ ಅದು. ಜೊತೆಗೆ ಕೆಲವು ಹೊಸ ಲೈಬ್ರರಿಗಳು, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಫೈಲುಗಳು, ಹಳೆಯವುಗಳ ಜಾಗಕ್ಕೆ ಬಂದವು. ಉಳಿದ ಪ್ರೋಗ್ರಾಂಗಳು ಹಳೇ ಲೈಬ್ರರಿ ಹುಡುಕುತ್ತಾ ಕೂತವು. ಪತ್ರ ಟೈಪ್ ಮಾಡುವ ಲಿಬ್ರೆ ಆಫೀಸ್ ತೆರೆಯಲಿಲ್ಲ. ಏಪ್ರಿಲ್ ಬಿಸಿಲು, ಹೊರಗೆ ಫಾರ್ಮ್ ತುಂಬಿಸುವವರ ಸಾಲು.

"ಅಳಿಯಾ, ಮಂದಿ ಬಿಸಿಲಾಗ ನಿಂತಾರ. ನಿನ್ನ ಲಿನಕ್ಸ್ ಯಾವಾಗ ಏಳ್ತದ?" ಎಂದರು ಮಾವ.

ಆರ್ಚ್‌ನವರದ್ದೇನೂ ತಪ್ಪಿಲ್ಲ. ಓದಿಕೊಂಡು ತಾವೇ ರಿಪೇರಿ ಮಾಡಿಕೊಳ್ಳುವವರಿಗೆ ಇದು ಅಂತ ಅವರೇ ಹೇಳುತ್ತಾರೆ. ಓದದೆ ಬೇರೆಯವರ ಅಂಗಡಿಗೆ ಹಾಕಿದವನು ನಾನು.

ಆಮೇಲೆ ಲಿನಕ್ಸಿನ ಇನ್ನೊಂದು ಬಗೆಯಾದ ಡೆಬಿಯನ್ 11 ಹಾಕಿ ನೋಡಿದೆ. ಗಟ್ಟಿ, ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ. ಆದರೆ ವೈಫೈ ಏಳಲಿಲ್ಲ. ವೈಫೈ ಚಿಪ್ ಓಡಿಸಲು ಬೇಕಾದ, ಕೋಡ್ ಎಲ್ಲರಿಗೂ ಮುಕ್ತವಲ್ಲದ ಫರ್ಮ್‌ವೇರ್ ಇನ್‌ಸ್ಟಾಲರಿನಲ್ಲಿ ಬೇಡ ಎಂಬುದು ಆಗಿನ ಅವರ ನಿಲುವು. 2023ರ ಡೆಬಿಯನ್ 12ರಿಂದ ಅದನ್ನು ಸೇರಿಸಿದರು. ನಾನು ಅಷ್ಟು ದಿನ ಕಾಯುವ ಹಾಗಿರಲಿಲ್ಲ.

ಕೊನೆಗೆ ಲಿನಕ್ಸ್ ಮಿಂಟ್ 21ರಲ್ಲಿ ಹಳೇ ಕಂಪ್ಯೂಟರಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿದೆ. ಉಬುಂಟು 22.04 ಎಂಬ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ್ದು, 2027ರವರೆಗೆ ಅಪ್‌ಡೇಟ್ ಬರುತ್ತದೆ. ಮೂಲೆಯ ಸಣ್ಣ ಗುರುತು ಒತ್ತಿದರೆ ಸಾಕು. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಟೈಮ್‌ಶಿಫ್ಟ್ ಇದೆ. ಕೀಲಿಮಣೆಗೆ ಕನ್ನಡ ಟೈಪಿಂಗಿನ ಕಗಪ ವಿನ್ಯಾಸ ಆರಿಸಿಕೊಟ್ಟೆ. ನುಡಿ ತಂತ್ರಾಂಶದಲ್ಲಿ ಇದೇ ವಿನ್ಯಾಸಕ್ಕೆ ಪಳಗಿದ ಹುಡುಗನ ಬೆರಳು ಅರ್ಧ ಗಂಟೆಯಲ್ಲಿ ಓಡತೊಡಗಿತು.

ತೊಡಕಾಗಿದ್ದು ಹಳೇ ಫೈಲುಗಳು. ಹದಿನೈದು ವರ್ಷದ ಲಗ್ನಪತ್ರಿಕೆಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದೆ ತೆರೆದರೆ ಬರೀ ಅಡ್ಡಾದಿಡ್ಡಿ ಗುರುತು. ಹಾಗಾಗಿ ಎರಡನೇ ಕಂಪ್ಯೂಟರಿನಲ್ಲಿ ವಿಂಡೋಸ್ ಹಾಗೇ ಬಿಟ್ಟಿದ್ದೇನೆ. ಮಾವ ಅದರ ಮುಂದೆಯೇ ಕೂರುತ್ತಾರೆ.