ಇಂಗ್ಲೆಂಡಿನ ಹಳೆಯ ಉಯಿಲು, ದಫನ ದಾಖಲೆಗಳನ್ನು ಓದುವುದು ಹೇಗೆ?

ಇಂಗ್ಲೆಂಡಿನ ಯಾವುದಾದರೂ ಕುಟುಂಬದ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದವರಿಗೆ ಎರಡು ಬಗೆಯ ದಾಖಲೆಗಳು ಬಹಳ ದೂರದವರೆಗೆ ದಾರಿ ತೋರಿಸುತ್ತವೆ. ಒಂದು, ಸಾಯುವ ಮುನ್ನ ಬರೆಸಿದ ಉಯಿಲು. ಇನ್ನೊಂದು, ಪ್ಯಾರಿಷ್ ಚರ್ಚಿನ, ಅಂದರೆ ಆಯಾ ಪ್ರದೇಶದ ಸ್ಥಳೀಯ ಚರ್ಚಿನ, ಪುಸ್ತಕದಲ್ಲಿರುವ ದಫನದ ನಮೂದು. ಉಯಿಲಿನಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಮನೆಯ ಆಳುಗಳವರೆಗೆ ಹೆಸರುಗಳು ಸಿಗುತ್ತವೆ, ಆದರೆ ಬರೆಸಿದವನು ಯಾವಾಗ ತೀರಿಕೊಂಡ ಎಂಬುದು ಸಿಗುವುದಿಲ್ಲ. ದಫನದ ನಮೂದು ದಿನಾಂಕ ಕೊಡುತ್ತದೆ, ಬಂಧುಬಳಗದ ಬಗ್ಗೆ ಬಹುಪಾಲು ಮೌನವಾಗಿರುತ್ತದೆ. ಹಾಗಾಗಿ ಇವೆರಡನ್ನೂ ಒಟ್ಟಿಗೇ ಓದಬೇಕು. ಓದುವಾಗ ಎಡವುವವರು ಹೆಚ್ಚಾಗಿ ಅಕ್ಷರ ಬಿಡಿಸುವ ಮೊದಲೇ ಅರ್ಥವನ್ನು ಊಹಿಸಿಬಿಡುವವರು. ಕೆಳಗಿನ ಕ್ರಮದ ಉದ್ದೇಶ ಆ ಊಹೆಯನ್ನು ಸಾಧ್ಯವಾದಷ್ಟು ಕಾಲ ತಡೆದಿಡುವುದೇ ಆಗಿದೆ.

ಮೊದಲು ದಾಖಲೆ ಎಲ್ಲಿದೆ, ಅದು ಮೂಲವೋ ನಕಲೋ ಎಂಬುದನ್ನು ತಿಳಿದುಕೊಳ್ಳಿ. 1858ರ ಜನವರಿ 12ಕ್ಕೆ ಮೊದಲು ಉಯಿಲುಗಳನ್ನು ಊರ್ಜಿತಗೊಳಿಸುತ್ತಿದ್ದವು ಚರ್ಚಿನ ನ್ಯಾಯಾಲಯಗಳು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದಾದ ಕ್ಯಾಂಟರ್ಬರಿಯ ಪ್ರೆರೊಗೇಟಿವ್ ಕೋರ್ಟಿನ ಉಯಿಲು ಪುಸ್ತಕಗಳು 1384ರಿಂದ 1858ರವರೆಗಿನವು. ಅವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವುಗಳ ಡಿಜಿಟಲ್ ಚಿತ್ರಗಳನ್ನು ಎಲ್ಲಿ ಕುಳಿತಾದರೂ ನೋಡಬಹುದು. ಸಣ್ಣ ಹಿಡುವಳಿದಾರರ, ಕುಶಲಕರ್ಮಿಗಳ ಉಯಿಲುಗಳನ್ನು ಸಾಮಾನ್ಯವಾಗಿ ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥ ಪ್ರದೇಶದ) ಪತ್ರಾಗಾರದಲ್ಲಿ ಹುಡುಕಬೇಕಾಗುತ್ತದೆ. ಒಂದು ಎಚ್ಚರಿಕೆ: ಕ್ಯಾಂಟರ್ಬರಿಯ ಪುಸ್ತಕಗಳಲ್ಲಿರುವುದು ಕೋರ್ಟಿನ ಗುಮಾಸ್ತರು ಬರೆದುಕೊಂಡ ನಕಲು. ಅದರಲ್ಲಿ ಕಾಣುವ ಸಹಿಯನ್ನು ನಿಮ್ಮ ಪೂರ್ವಜನ ಕೈಬರಹವೆಂದು ತಿಳಿಯಬೇಡಿ.

ಎರಡನೆಯ ಹೆಜ್ಜೆ ನಕಲು ಮಾಡಿಕೊಳ್ಳುವುದು, ಮತ್ತು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ. ಮೂಲದ ಒಂದು ಸಾಲಿಗೆ ನಿಮ್ಮ ಹಾಳೆಯಲ್ಲಿ ಒಂದೇ ಸಾಲು ಇರಲಿ. ಕಾಗುಣಿತವನ್ನು ತಿದ್ದಬೇಡಿ, ಒಂದೇ ಹೆಸರು ಮೂರು ಬಗೆಯಲ್ಲಿ ಬಂದಿದ್ದರೆ ಮೂರನ್ನೂ ಹಾಗೆಯೇ ಬರೆದುಕೊಳ್ಳಿ. ಓದಲಾಗದ ಪದದ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗಿ. 16 ಮತ್ತು 17ನೆಯ ಶತಮಾನಗಳಲ್ಲಿ ಬಳಕೆಯಲ್ಲಿದ್ದ ‘ಸೆಕ್ರೆಟರಿ’ ಬರಹದಲ್ಲಿ ‘ಸಿ’ ಅಕ್ಷರ ಇಂದಿನ ‘ಆರ್’ನಂತೆ ಕಾಣುತ್ತದೆ, ‘ಇ’ ಹಿಂದುಮುಂದಾಗಿ ತಿರುಗಿರುತ್ತದೆ, ‘ಎಚ್’ ಅಕ್ಷರದ ಬಾಲ ಸಾಲಿನ ಕೆಳಕ್ಕೆ ಇಳಿಯುತ್ತದೆ, ಪದದ ನಡುವಿನ ಉದ್ದ ‘ಎಸ್’ ಅಡ್ಡಗೆರೆಯಿಲ್ಲದ ‘ಎಫ್’ ಎಂದು ಭ್ರಮೆ ಹುಟ್ಟಿಸುತ್ತದೆ. ಹೆಸರಿನ ಮೊದಲಲ್ಲಿ ಎರಡು ಸಣ್ಣ ‘ಎಫ್’ ಬಂದರೆ ಅದು ಒಂದು ದೊಡ್ಡ ‘ಎಫ್’ ಅಷ್ಟೆ.

ಈ ತೊಡಕಿಗೆ ಪರಿಹಾರ ಉಯಿಲಿನ ಒಳಗೇ ಇದೆ. ಆ ಕಾಲದ ಬಹುತೇಕ ಉಯಿಲುಗಳು ‘ಇನ್ ದ ನೇಮ್ ಆಫ್ ಗಾಡ್ ಆಮೆನ್’ ಎಂದೇ ಆರಂಭವಾಗಿ, ದೇಹಕ್ಕೆ ಕಾಯಿಲೆಯಿದ್ದರೂ ನೆನಪಿನ ಶಕ್ತಿ ಸರಿಯಾಗಿದೆ ಎಂಬ ಮಾತಿಗೆ ಬರುತ್ತವೆ. ಆಮೇಲೆ ಆತ್ಮವನ್ನು ದೇವರಿಗೆ, ದೇಹವನ್ನು ಚರ್ಚಿನ ಅಂಗಳದ ಮಣ್ಣಿಗೆ ಒಪ್ಪಿಸುತ್ತವೆ. ಏನು ಬರೆದಿದೆ ಎಂಬುದು ಮೊದಲೇ ಗೊತ್ತಿರುವ ಈ ಸಾಲುಗಳಿಂದ ಆ ಗುಮಾಸ್ತನ ‘ಎಚ್’ ಹೇಗಿದೆ, ‘ಇ’ ಹೇಗಿದೆ, ‘ಜಿ’ ಹೇಗಿದೆ ಎಂಬುದನ್ನು ಒಂದೊಂದಾಗಿ ಎತ್ತಿಕೊಂಡು ಪಕ್ಕದ ಹಾಳೆಯಲ್ಲಿ ಅಕ್ಷರಮಾಲೆ ಮಾಡಿಕೊಳ್ಳಿ. ಮುಂದೆ ಅಪರಿಚಿತ ಊರಿನ ಹೆಸರೋ ಮನೆತನದ ಹೆಸರೋ ಬಂದಾಗ ಕೈಹಿಡಿಯುವುದು ಆ ಹಾಳೆಯೇ. ಯಾವ ಅಚ್ಚಾದ ಕೈಪಿಡಿಗಿಂತಲೂ ಅದು ಮೇಲು, ಏಕೆಂದರೆ ಅದು ನಿಮ್ಮ ಎದುರಿಗಿರುವ ಕೈಬರಹದ್ದೇ ಅಕ್ಷರಮಾಲೆ.

ಸಂಕ್ಷೇಪಗಳನ್ನೂ ಹೀಗೆಯೇ ಗುರುತಿಸಿಕೊಳ್ಳಿ. ‘ಪಿ’ ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದಿದ್ದರೆ ಅದು ‘ಪರ್’ ಅಥವಾ ‘ಪಾರ್’. ‘ಪ್ಯಾರಿಷ್’ ಎಂಬ ಪದವನ್ನೇ ಹಾಗೆ ಮೊಟಕಾಗಿ ಬರೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಕೊನೆಯ ‘ಐ’ ಬದಲು ‘ಜೆ’ ಬರುತ್ತದೆ. ನಾಲ್ಕರ ಅಂಕಿಯ ನೆತ್ತಿಯ ಮೇಲೆ ಎರಡು ಸಣ್ಣ ‘ಎಕ್ಸ್’ ಕಂಡರೆ ನಾಲ್ಕು ಇಪ್ಪತ್ತು, ಅಂದರೆ 80 ಎಂದು ಓದಬೇಕು. ಆ ಕಾಲದ ಹಣದ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ‘ಮಾರ್ಕ್’ ಎಂದಿದ್ದರೆ 13 ಶಿಲ್ಲಿಂಗ್ 4 ಪೆನ್ನಿ.

ಮೂರನೆಯದು ದಿನಾಂಕ. 1751ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಉಯಿಲಿನ ಮೇಲೆ 1712ರ ನವೆಂಬರ್ 20 ಎಂದೂ ಅದನ್ನು ಬರೆಸಿದವನ ದಫನದ ನಮೂದಿನಲ್ಲಿ 1712ರ ಫೆಬ್ರುವರಿ 12 ಎಂದೂ ಇದೆ ಎಂದುಕೊಳ್ಳಿ. ಮೇಲ್ನೋಟಕ್ಕೆ ಸತ್ತವನು ಒಂಬತ್ತು ತಿಂಗಳ ಬಳಿಕ ಉಯಿಲು ಬರೆಸಿದಂತೆ ಕಾಣುತ್ತದೆ, ಇವನು ಬೇರೆ ಯಾರೋ ಎಂದು ಕೈಬಿಡುವ ಮನಸ್ಸಾಗುತ್ತದೆ. ನಿಜವಾಗಿ ಆ ಫೆಬ್ರುವರಿ ನಮ್ಮ ಲೆಕ್ಕಕ್ಕೆ 1713ರದು. ನಡುವೆ ಕಳೆದದ್ದು ಮೂರು ತಿಂಗಳೂ ಅಲ್ಲ. ಇಂಥ ತಾರೀಖುಗಳನ್ನು 1712/13 ಎಂದು ಎರಡೂ ವರ್ಷ ಸೇರಿಸಿ ಬರೆದುಕೊಳ್ಳುವುದು ಸಂಶೋಧಕರ ರೂಢಿ. ‘7ಬರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್, ‘8ಬರ್’ ಅಕ್ಟೋಬರ್. ಕೆಲವು ಉಯಿಲುಗಳಲ್ಲಿ ಇಸವಿಯ ಬದಲು ದೊರೆಯ ಆಳ್ವಿಕೆಯ ವರ್ಷವಿರುತ್ತದೆ: ಆನ್ ರಾಣಿ 1702ರ ಮಾರ್ಚ್ 8ರಂದು ಪಟ್ಟಕ್ಕೆ ಬಂದದ್ದರಿಂದ ಅವಳ ಮೂರನೆಯ ವರ್ಷ ಎಂದರೆ 1704ರ ಮಾರ್ಚ್ 8ರಿಂದ ಮುಂದಿನ ಮಾರ್ಚ್ 7ರವರೆಗೆ. ಎರಡನೆಯ ಚಾರ್ಲ್ಸ್ ಸಿಂಹಾಸನವೇರಿದ್ದು 1660ರಲ್ಲಿ. ಆದರೂ ಅವನ ಲೆಕ್ಕ ಅವನ ತಂದೆಯ ಶಿರಚ್ಛೇದವಾದ 1649ರ ಜನವರಿಯಿಂದಲೇ ನಡೆಯುತ್ತದೆ.

ಬಂಧುತ್ವದ ಪದಗಳಿಗೆ ಬಂದಾಗ ಇಂದಿನ ಅರ್ಥವನ್ನು ಪಕ್ಕಕ್ಕಿಡಬೇಕು. ‘ಸನ್ ಇನ್ ಲಾ’ ಎಂದರೆ ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ‘ಕಸಿನ್’ ಅಣ್ಣನ ಮಗನಿಗೂ ದೂರದ ನೆಂಟನಿಗೂ ಸಲ್ಲುತ್ತಿತ್ತು. ಹಿರಿಯ ಮಗನಿಗೆ ಒಂದೇ ಶಿಲ್ಲಿಂಗ್ ಬರೆದಿದ್ದರೆ, ಅಥವಾ ಅವನ ಹೆಸರೇ ಇಲ್ಲದಿದ್ದರೆ, ತಂದೆ ಮಗನಿಗೆ ಜಗಳವಾಗಿತ್ತೆಂದು ತೀರ್ಮಾನಿಸುವುದು ದುಡುಕು. ಜಮೀನು ಅವನಿಗೆ ಹಕ್ಕಿನಿಂದಲೇ ಬಂದಿರಬಹುದು, ಇಲ್ಲವೇ ಅವನ ಪಾಲು ಮದುವೆಯ ಹೊತ್ತಿಗೇ ಕೊಟ್ಟಾಗಿರಬಹುದು. ಗಂಡನಿರುವ ಹೆಂಗಸು ವಿವಾಹಿತ ಮಹಿಳೆಯರ ಆಸ್ತಿಯ ಕುರಿತ 1882ರ ಕಾಯಿದೆಯವರೆಗೆ ಸಾಮಾನ್ಯವಾಗಿ ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಸುವಂತಿರಲಿಲ್ಲ. ಹಾಗಾಗಿ ಹಳೆಯ ಉಯಿಲುಗಳಲ್ಲಿ ಹೆಣ್ಣಿನ ದನಿ ಕೇಳಿಸುವುದು ಹೆಚ್ಚಾಗಿ ವಿಧವೆಯರ, ಮದುವೆಯಾಗದವರ ಉಯಿಲುಗಳಲ್ಲಿ. ಮೊಮ್ಮಗಳಿಗೆ ಹಾಸಿಗೆ, ತಂಗಿಗೆ ಉಡುಪು ಎಂದು ಹಂಚುವ ಅವನ್ನು ಸಿಕ್ಕಲ್ಲೆಲ್ಲ ಓದಿ. ಹೆಣ್ಣುಮಕ್ಕಳ ಕಡೆಯ ಸಂಬಂಧಗಳು ಅಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಇನ್ನು ದಫನದ ಪುಸ್ತಕ. ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಿಂದ ಇವು ಆರಂಭವಾದವು. ಅಲ್ಲಿರುವುದು ಸತ್ತ ದಿನವಲ್ಲ, ಹೂಳಿದ ದಿನ. 1733ರವರೆಗೆ ಲ್ಯಾಟಿನ್ ಎದುರಾಗಬಹುದು: ‘ಸೆಪುಲ್ಟಸ್’ ಗಂಡಸಿಗೆ, ‘ಸೆಪುಲ್ಟಾ’ ಹೆಂಗಸಿಗೆ, ‘ಉಕ್ಸೋರ್’ ಹೆಂಡತಿ, ‘ವಿಡುವಾ’ ವಿಧವೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಹೆಸರಿನ ಪಕ್ಕ ‘ಅಫಿಡ್’ ಎಂದು ಕಂಡರೆ ಗಾಬರಿ ಬೇಡ. ಉಣ್ಣೆ ವ್ಯಾಪಾರಕ್ಕೆ ಬೆಂಬಲವಾಗಿ ಶವಗಳನ್ನು ಉಣ್ಣೆಬಟ್ಟೆಯಲ್ಲೇ ಹೂಳಬೇಕೆಂಬ ಕಾನೂನಿತ್ತು. ಹಾಗೆ ಮಾಡಿದ್ದೇವೆಂಬ ಪ್ರಮಾಣಪತ್ರ ಬಂದಿದೆ ಎಂದಷ್ಟೇ ಅದರ ಅರ್ಥ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆಯಿದ್ದು, ಬಡವರಿಗೆ ಅದರಿಂದ ವಿನಾಯಿತಿಯಿತ್ತು. ಆ ಕಾಲದ ‘ಪಿ’ ಗುರುತು ‘ಪಾಪರ್’ (ಕಡುಬಡವ) ಅನ್ನು ಸೂಚಿಸಿದರೂ ಅದೊಂದರಿಂದಲೇ ಆ ಮನೆಯ ಬಡತನವನ್ನು ಅಳೆಯಬಾರದು. 1813ರಿಂದ ಅಚ್ಚಾದ ನಮೂನೆ ಬಂದು, ಪುಟಕ್ಕೆ ಎಂಟರಂತೆ ಹೆಸರು, ವಾಸಸ್ಥಳ, ದಿನಾಂಕ, ವಯಸ್ಸುಗಳು ಸಿಗುತ್ತವೆ.

ಬೇಕಾದ ಪುಟ ಹುಳು ತಿಂದು ಹೋಗಿದ್ದರೆ ಆ ಡಯೋಸಿಸ್‌ನ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ಬಿಷಪ್ ಪ್ರತಿಗಳನ್ನು ಕೇಳಿ. 16ನೆಯ ಶತಮಾನದ ಕೊನೆಯಿಂದ ಪಾದ್ರಿಗಳು ವರ್ಷಕ್ಕೊಮ್ಮೆ ನಮೂದುಗಳ ನಕಲನ್ನು ಬಿಷಪ್ಪರಿಗೆ ಕಳುಹಿಸಬೇಕಿತ್ತು. ಉಯಿಲುಗಳ ವಿಷಯದಲ್ಲಿ ಡೆವನ್ ಕೌಂಟಿಯವರಿಗೆ ನಷ್ಟ ದೊಡ್ಡದು: 1942ರ ಬಾಂಬ್ ದಾಳಿಯಲ್ಲಿ ಎಕ್ಸಿಟರ್‌ನಲ್ಲಿದ್ದ ಪ್ರೊಬೇಟ್ (ಊರ್ಜಿತಗೊಂಡ ಉಯಿಲುಗಳ) ಸಂಗ್ರಹ ಸುಟ್ಟುಹೋಯಿತು. ಅಂಥವರು ಕ್ಯಾಂಟರ್ಬರಿಯ ಪುಸ್ತಕಗಳನ್ನು ಮೊದಲು ನೋಡಬೇಕು, ಬಳಿಕ 19ನೆಯ ಶತಮಾನದ ಮೊದಲ ಭಾಗದಲ್ಲಿ ತೆರಿಗೆ ಇಲಾಖೆಗಾಗಿ ಮಾಡಿದ ಉಯಿಲಿನ ನಕಲುಗಳನ್ನು ಕೌಂಟಿಯ ಪತ್ರಾಗಾರದಲ್ಲಿ ವಿಚಾರಿಸಬೇಕು.